ಅಪ್ಪ ಅಮ್ಮ ಬರ್ತಿದ್ದಾರೆ: 12 ದಿನಕ್ಕೆ 6 ದೇಶ ಆಗುತ್ತಾ?

ಹಾಸನದ ಹುಡುಗಿ (ಸ್ಟುಟ್‌ಗಾರ್ಟ್)
ಎಲ್ಲರಿಗೂ ನಮಸ್ಕಾರ. ಮೇ ಕೊನೆಯ ವಾರ ಅಪ್ಪ ಅಮ್ಮ ಹಾಸನದಿಂದ ಬರುತ್ತಿದ್ದಾರೆ. ಅಪ್ಪನಿಗೆ 71, ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿ ರಿಟೈರ್ ಆದವರು. ಅಮ್ಮನಿಗೆ 65. ಮಂಡಿನೋವು, ಬಿಪಿ ಎರಡೂ ಇದೆ. ಇಬ್ಬರೂ ವಿಮಾನ ಹತ್ತುತ್ತಿರುವುದು ಇದೇ ಮೊದಲು. ಎರಡು ತಿಂಗಳು ಇರುತ್ತಾರೆ.

ನಮ್ಮ ಯಜಮಾನರು ಎಕ್ಸೆಲ್ ಶೀಟ್ ಮಾಡಿ ಕೂತಿದ್ದಾರೆ. ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಜ್ಯೂರಿಕ್, ಇಂಟರ್‌ಲಾಕನ್, ಸಾಲ್ಸ್‌ಬರ್ಗ್, ವೆನಿಸ್, ರೋಮ್. 12 ದಿನ, 6 ದೇಶ. ಬೆಳಗ್ಗೆ 5:40ರ ರೈಲು ಮೂರು ಸಲ ಬರುತ್ತದೆ. "ಇಷ್ಟು ದೂರ ಬಂದ ಮೇಲೆ ಎಲ್ಲ ನೋಡಿಬಿಡಲಿ, ಮತ್ತೆ ಯಾವಾಗ ಬರ್ತಾರೋ" ಅನ್ನುವುದು ಅವರ ವಾದ. ನನಗೆ ಯಾಕೋ ಭಯ. ಅಪ್ಪನನ್ನು ಕೇಳಿದರೆ "ನೀವು ಕರಕೊಂಡು ಹೋದ ಕಡೆ ಬರ್ತೀವಮ್ಮ" ಅಂತಾರೆ. ಅಮ್ಮನದು ಒಂದೇ ಬೇಡಿಕೆ, ಟ್ಯುಲಿಪ್ ತೋಟ.

ಹೀಗೆ ಸುತ್ತಿಸಿದವರು ಯಾರಾದರೂ ಇದ್ದೀರಾ? ಆಗುತ್ತಾ ಇದು?

ರಾಗಿಮುದ್ದೆ
ಆಗುತ್ತೆ. ನಿಮಗೆ ಆಗುತ್ತೆ. ಅವರಿಗೆ ಆಗಲ್ಲ.

ಕುಂದಾಪ್ರದವ
ಮಾರಾಯ್ರೇ, ಮೊದಲು ಟ್ಯುಲಿಪ್ ವಿಷಯ. ನೆದರ್ಲೆಂಡ್ಸ್‌ನ ಕ್ಯೂಕೆನ್‌ಹಾಫ್ ಟ್ಯುಲಿಪ್ ತೋಟ ತೆರೆದಿರುವುದು ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ಮಾತ್ರ, ಹೆಚ್ಚುಕಮ್ಮಿ ಎಂಟು ವಾರ. ಮೇ ಕೊನೆಗೆ ಹೋದರೆ ಗೇಟಿಗೆ ಬೀಗ ನೋಡಿಕೊಂಡು ಬರಬೇಕು. ಟಿಕೆಟ್ ಬುಕ್ ಆಗಿಲ್ಲದಿದ್ದರೆ ಒಂದು ತಿಂಗಳು ಮುಂಚೆ ಕರೆಸಿ.

ಹಾಸನದ ಹುಡುಗಿ
ಅಯ್ಯೋ. ಟಿಕೆಟ್ ಆಗಿಹೋಗಿದೆ. ಅಮ್ಮನಿಗೆ ಹೇಗೆ ಹೇಳಲಿ?

ಕುಂದಾಪ್ರದವ
ಜೂನಿನಲ್ಲಿ ಗುಲಾಬಿ ಇರುತ್ತದೆ. ಟ್ಯುಲಿಪ್ ಅಂತಲೇ ಹೇಳಿ 😀

ತುಂಗಾತೀರ (ಮ್ಯೂನಿಕ್)
ನಾನು 2023ರಲ್ಲಿ ಇದೇ ತಪ್ಪು ಮಾಡಿದ್ದೇನೆ. 9 ದಿನಕ್ಕೆ 5 ದೇಶ. ಅಪ್ಪನಿಗೆ ಈಗ ನೆನಪಿರುವುದು ಎರಡೇ. ಒಂದು, ವೆನಿಸ್‌ನಲ್ಲಿ ಸೂಟ್‌ಕೇಸ್ ಎತ್ತಿಕೊಂಡು ಸೇತುವೆ ಹತ್ತಿದ್ದು. ಇನ್ನೊಂದು, ಯಾವುದೋ ಸ್ಟೇಷನ್ನಿನಲ್ಲಿ ಕಾಫಿ ಸಿಗದೇ ಕೂತಿದ್ದು. ಯಾವ ಸ್ಟೇಷನ್ ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ವೆನಿಸ್‌ನಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ. ಬಹುತೇಕ ಎಲ್ಲದಕ್ಕೂ ಮೆಟ್ಟಿಲು. ಮಂಡಿನೋವಿದ್ದರೆ ನೀರಿನ ಬಸ್ಸು ಹಿಡಿದು ದೊಡ್ಡ ಕಾಲುವೆಯಲ್ಲಿ ಆ ತುದಿಯಿಂದ ಈ ತುದಿಗೆ ಹೋಗಿಬನ್ನಿ, ಅಷ್ಟೇ ಸಾಕು. ರೋಮಿನಲ್ಲೂ ಹುಷಾರು. ಸೇಂಟ್ ಪೀಟರ್ಸ್ ಗುಮ್ಮಟಕ್ಕೆ "ಲಿಫ್ಟ್ ಇದೆ" ಅಂತ ಹಾಕಿರುತ್ತಾರೆ. ಲಿಫ್ಟಿನಿಂದ ಇಳಿದ ಮೇಲೆ ಇನ್ನೂ 320 ಮೆಟ್ಟಿಲಿದೆ. ಅಮ್ಮ ನಡುವೆ ನಿಂತುಬಿಟ್ಟರೆ ಹಿಂದಕ್ಕೂ ಬರುವಂತಿಲ್ಲ, ದಾರಿ ಅಷ್ಟು ಕಿರಿದು.

ಬಯಲುಸೀಮೆ
ಎಲ್ಲರೂ ಸೇರಿ ಅವರ ಗಂಡನ ಮೇಲೆ ಬೀಳಬೇಡಿ. ನಮ್ಮ ಮಾವನವರಿಗೆ 74. ಪ್ಯಾರಿಸ್, ಸ್ವಿಸ್, ರೋಮ್ ಎಲ್ಲ ಮುಗಿಸಿ "ಲಂಡನ್ ಯಾಕೆ ಬಿಟ್ರಿ?" ಅಂತ ಜಗಳ ಮಾಡಿದರು. ದಾವಣಗೆರೆಯವರು. ಥೇಮ್ಸ್ ದಡದಲ್ಲಿ ಬಸವಣ್ಣನ ಪ್ರತಿಮೆ ಇದೆಯಲ್ಲ, 2015ರ ನವೆಂಬರಿನಲ್ಲಿ ಅನಾವರಣ ಆದದ್ದು, ಅದನ್ನು ನೋಡಲೇಬೇಕಂತೆ. ವಯಸ್ಸಿಗಿಂತ ಮನಸ್ಸು ನೋಡಿ.

ನೆಕರ್ ನದಿ ನಂಟ
ಲಂಡನ್ ಅಂದಿರಲ್ಲ, ಒಂದು ಎಚ್ಚರಿಕೆ. ಷೆಂಗನ್ ವೀಸಾ (ಯೂರೋಪಿನ ಬಹಳಷ್ಟು ದೇಶಗಳಿಗೆ ಸೇರಿ ಇರುವ ಒಂದೇ ವೀಸಾ) ಲಂಡನ್ನಿಗೆ ನಡೆಯಲ್ಲ, ಬೇರೆ ವೀಸಾ ಬೇಕು. ಅದಕ್ಕಿಂತ ದೊಡ್ಡ ಗುಂಡಿ ಅಂದರೆ, ಷೆಂಗನ್ ವೀಸಾ ಸಿಂಗಲ್ ಎಂಟ್ರಿ ಆಗಿದ್ದರೆ ಲಂಡನ್ನಿಗೆ ಹೋದವರು ವಾಪಸ್ ಬರುವಂತಿಲ್ಲ. ನಮ್ಮ ಪರಿಚಯದವರ ಅತ್ತೆ ಮಾವ ಲಂಡನ್ನಿನಲ್ಲೇ ಉಳಿದು, ಬಟ್ಟೆಬರೆಯೆಲ್ಲ ಫ್ರಾಂಕ್‌ಫರ್ಟಿನ ಮನೆಯಲ್ಲೇ ಬಿಟ್ಟು, ಹಾಗೇ ಬೆಂಗಳೂರಿಗೆ ಹೋದರು. ವೀಸಾ ಸ್ಟಿಕರ್ ಮೇಲೆ ಏನಿದೆ ಅಂತ ನೋಡಿ, MULT ಅಂತಿದ್ದರೆ ಹಲವು ಸಲ ಒಳಗೆ ಬರಬಹುದು, 01 ಅಂತಿದ್ದರೆ ಒಂದೇ ಸಲ.

ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಕಡ್ಡಾಯ. ಹಳೇ ಕಾಯಿಲೆಗೆ ಬಹಳಷ್ಟು ಪಾಲಿಸಿ ದುಡ್ಡು ಕೊಡಲ್ಲ, ಆ ಸಾಲನ್ನು ಹುಡುಕಿ ಓದಿ. ಬಿಪಿ ಮಾತ್ರೆ ಎರಡು ತಿಂಗಳಿಗೆ ಆಗುವಷ್ಟು, ಜೊತೆಗೆ ಔಷಧದ ಮೂಲ ಹೆಸರಿರುವ ಚೀಟಿ. ಎಲ್ಲವೂ ಕೈಚೀಲದಲ್ಲಿ. ತುರ್ತಿಗೆ ಯೂರೋಪಿನಲ್ಲೆಲ್ಲ 112. ಜರ್ಮನಿಯಲ್ಲಿ ರಾತ್ರಿ ಡಾಕ್ಟರ್ ಬೇಕು, ಆದರೆ ಪ್ರಾಣಕ್ಕೇನೂ ಅಪಾಯವಿಲ್ಲ ಅಂದರೆ 116117.

ತುಂಗಾತೀರ (ಮ್ಯೂನಿಕ್)
ಏರ್‌ಪೋರ್ಟಿನಲ್ಲಿ ಈಗ ಹೊಸ ಪದ್ಧತಿ. 2025ರ ಅಕ್ಟೋಬರ್ 12ರಿಂದ ಶುರುವಾಗಿದೆ, ಬೆರಳಚ್ಚು ಮತ್ತು ಫೋಟೊ ತೆಗೆಯುತ್ತಾರೆ. ನಮ್ಮ ಅತ್ತೆ ತೀರ್ಥಹಳ್ಳಿ ಕಡೆಯವರು. ಅಡಿಕೆ ಸುಲಿದೂ ಸುಲಿದೂ ಬೆರಳಿನ ಗೆರೆಯೆಲ್ಲ ಸವೆದಿದೆ. ಆಧಾರಿಗೇ ನಾಲ್ಕು ಸಲ ಅಲೆದವರು. ಇಲ್ಲೂ ಮಷಿನ್ ಕೆಂಪು ದೀಪ ತೋರಿಸಿಯೇ ತೋರಿಸಿತು. ಕೊನೆಗೆ ಕೌಂಟರಿನ ಹುಡುಗ ಒದ್ದೆ ಟಿಶ್ಯೂ ಕೊಟ್ಟು ಬೆರಳು ಒರೆಸಿಕೊಳ್ಳಿ ಅಂತ ಸನ್ನೆ ಮಾಡಿದ. ಅತ್ತೆ ಅದರಲ್ಲಿ ಮುಖ ಒರೆಸಿಕೊಂಡು "ಪಾಪ, ಒಳ್ಳೇ ಹುಡುಗ" ಅಂದರಂತೆ.

ಮೈಸೂರ್ ಮಲ್ಲಿಗೆ ಪ್ರಿಯೆ
ವೀಲ್‌ಚೇರ್ ಬುಕ್ ಮಾಡಿ. ಭಾಷೆ ಬರದಿದ್ದರೂ ವಿಮಾನದ ಬಾಗಿಲಿಂದ ನಿಮ್ಮ ಕೈಗೆ ತಂದು ಒಪ್ಪಿಸುತ್ತಾರೆ. ಬಿಟ್ಟಿ.

ರಾಗಿಮುದ್ದೆ
ನಡೆಯೋಕೆ ಬರುವವರಿಗೆಲ್ಲ ವೀಲ್‌ಚೇರ್ ಬುಕ್ ಮಾಡೋದು ಮೋಸ ಅಲ್ವಾ? ನಮ್ಮ ವಿಮಾನಕ್ಕೆ ಇಪ್ಪತ್ತಕ್ಕೂ ಜಾಸ್ತಿ ವೀಲ್‌ಚೇರ್ ಸಾಲಾಗಿ ನಿಂತಿತ್ತು. ನಿಜವಾಗಿ ಕಾಲಿಲ್ಲದ ಒಬ್ಬರು ಒಂದು ಗಂಟೆ ಕಾದರು.

ಮೈಸೂರ್ ಮಲ್ಲಿಗೆ ಪ್ರಿಯೆ
ನಮ್ಮಮ್ಮನಿಗೆ ಇಂಗ್ಲಿಷ್ ಓದೋಕೆ ಬರಲ್ಲ. ದುಬೈಯಲ್ಲಿ ವಿಮಾನ ಬದಲಿಸಬೇಕು. ಗೇಟ್ ಕೊನೇ ಗಳಿಗೆಯಲ್ಲಿ ಬದಲಾದರೆ ನೀವು ಹೋಗಿ ಹುಡುಕಿಕೊಡ್ತೀರಾ?

ರಾಗಿಮುದ್ದೆ
ಅದಕ್ಕೆ ವೀಲ್‌ಚೇರ್ ಯಾಕೆ, ಜೊತೆಗೆ ನಡೆದುಕೊಂಡು ಬರುವ ಸಹಾಯಕರನ್ನು ಕೇಳಿ. ಕೆಲವು ವಿಮಾನ ಕಂಪನಿಗಳಲ್ಲಿ ಆ ಸೇವೆ ಬೇರೆಯೇ ಇದೆ.

ನೆಕರ್ ನದಿ ನಂಟ
ಇಬ್ಬರೂ ನಿಲ್ಲಿಸಿ. ಹುಡುಗಿಯ ಅಮ್ಮನಿಗೆ ಮಂಡಿನೋವು ಇದೆ, ಧಾರಾಳವಾಗಿ ಕೇಳಬಹುದು. 48 ಗಂಟೆ ಮುಂಚೆ ತಿಳಿಸಬೇಕು. ರೈಲಿಗೂ ಈ ಸಹಾಯ ಸಿಗುತ್ತದೆ, 24 ಗಂಟೆ ಮುಂಚೆ ಹೇಳಿದರೆ ಸಾಕು. ಪ್ಲಾಟ್‌ಫಾರ್ಮಿನಿಂದ ಹತ್ತಿಸುವವರೆಗೂ ಜನ ಬರುತ್ತಾರೆ. ಇದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ.

ಅರಸೀಕೆರೆ ಅಜ್ಜಿ
ನಾನು ಮಕ್ಕಳ ಮನೆಗೆ ಬರುವ ಕಡೆಯವಳು. ಮೊಮ್ಮಗಳು ಟೈಪ್ ಮಾಡುವುದು ಹೇಳಿಕೊಟ್ಟಿದ್ದಾಳೆ, ತಪ್ಪಿದ್ದರೆ ಕ್ಷಮಿಸಿ. ನೀವೆಲ್ಲ ಮೆಟ್ಟಿಲು, ವೀಸಾ ಅಂತ ಬರೆದಿದ್ದೀರಿ. ಮುಖ್ಯವಾದದ್ದು ಯಾರೂ ಬರೆದಿಲ್ಲ.

ಮೊದಲ ಸಲ ಬಂದಾಗ ಎಂಟು ದಿನ ಸುತ್ತಿಸಿದರು, ನಾನು ಆ ಎಂಟು ದಿನ ನೀರು ಕುಡಿಯುವುದನ್ನೇ ಬಿಟ್ಟಿದ್ದೆ. ಯಾಕೆಂದರೆ ಟಾಯ್ಲೆಟ್ ಎಲ್ಲಿದೆ ಅಂತ ಗೊತ್ತಾಗುತ್ತಿರಲಿಲ್ಲ. ಸಿಕ್ಕಿದರೆ ಒಂದು ಯೂರೋ. ಒಂದು ಯೂರೋ ಅಂದರೆ ನೂರು ರೂಪಾಯಿ ಅಂತ ಮನಸ್ಸು ಲೆಕ್ಕ ಹಾಕುತ್ತದೆ, ಹಾಕಬೇಡ ಅಂದರೂ ಹಾಕುತ್ತದೆ. ಒಳಗೆ ಹೋದರೆ ನೀರಿಲ್ಲ, ಬರೀ ಕಾಗದ. ಮಗನ ಹತ್ತಿರ, ಅಳಿಯನ ಎದುರು, ಹೇಳುವುದು ಹೇಗೆ? ನಾಲ್ಕನೇ ದಿನ ತಲೆಸುತ್ತು ಬಂತು. ಎಲ್ಲರೂ ಎತ್ತರದ ಜಾಗ, ಗಾಳಿ ಕಡಿಮೆ ಅಂದರು. ನಾನೂ ಹೌದು ಅಂದೆ.

ಎರಡನೇ ಸಲ ಬಂದಾಗ ಸೊಸೆ ನನಗೊಂದು ಪುಟ್ಟ ಪರ್ಸ್ ಕೊಟ್ಟಳು. ತುಂಬಾ ಚಿಲ್ಲರೆ ನಾಣ್ಯ. ಇನ್ನೊಂದು ಅರ್ಧ ಲೀಟರಿನ ಖಾಲಿ ಬಾಟಲಿ, ಯಾಕೆ ಅಂತ ಹೆಂಗಸರಿಗೆ ಗೊತ್ತಾಗುತ್ತದೆ. ಎರಡು ಗಂಟೆಗೊಮ್ಮೆ ಅವಳೇ "ಅತ್ತೆ, ನನಗೆ ಹೋಗಬೇಕು, ನೀವೂ ಬನ್ನಿ" ಅನ್ನುತ್ತಿದ್ದಳು. ಅವಳಿಗೆ ಅಷ್ಟು ಸಲ ಹೋಗಬೇಕಿರಲಿಲ್ಲ, ನನಗೆ ಗೊತ್ತು.

ಮೈಸೂರ್ ಮಲ್ಲಿಗೆ ಪ್ರಿಯೆ
ಅಜ್ಜಿ 🙏 ಆ ಸೊಸೆಗೆ ಒಂದು ನಮಸ್ಕಾರ ಹೇಳಿ.

ಹಾಸನದ ಹುಡುಗಿ
ಇದನ್ನು ಓದಿ ಯಜಮಾನರಿಗೂ ತೋರಿಸಿದೆ. ಶೀಟಿನಲ್ಲಿ ಹೊಸ ಕಾಲಂ ಸೇರಿಸಿದ್ದಾರೆ: "ಟಾಯ್ಲೆಟ್." ನಾನು ನಗಲೋ ಅಳಲೋ ಗೊತ್ತಾಗಲಿಲ್ಲ.

ಕುಂದಾಪ್ರದವ
ನೀರಿನ ಖರ್ಚೂ ಉಳಿಸಬಹುದು. ರೋಮಿನಲ್ಲಿ ಬೀದಿ ಬೀದಿಗೆ ಕಬ್ಬಿಣದ ನಲ್ಲಿ ಇದೆ, ನಸೋನಿ ಅಂತಾರೆ, ಹಗಲೂ ರಾತ್ರಿ ಸುರಿಯುತ್ತಾ ಇರುತ್ತದೆ. ಜ್ಯೂರಿಕ್‌ನಲ್ಲಿ 1200ಕ್ಕೂ ಹೆಚ್ಚು ಕಾರಂಜಿ ಇವೆ, ನೀರು ಕುಡಿಯಬಹುದು. ಪ್ಯಾರಿಸ್ಸಿನ ಹಸಿರು ಬಣ್ಣದ ವ್ಯಾಲೇಸ್ ಕಾರಂಜಿಗಳು 1872ರಿಂದ ಇವೆ. ಹೋಟೆಲಿನಲ್ಲಿ ಸುಮ್ನೆ "ವಾಟರ್" ಅಂದರೆ ಗುಳ್ಳೆ ನೀರು ತಂದಿಡುತ್ತಾರೆ. ನಮ್ಮಪ್ಪ ಅದನ್ನು ಕುಡಿದು "ಸೋಡಾಕ್ಕೆ ಉಪ್ಪು, ನಿಂಬೆಹಣ್ಣು ಕೊಡ್ಲಿಲ್ವಲ್ಲ" ಅಂದರು.

ಬಾಸೆಲ್ ಬ್ಯಾಚುಲರ್
ಸ್ವಿಸ್ ಬಗ್ಗೆ ನನ್ನ ಮಾತು ಕೇಳಿ. ಎಲ್ಲರೂ ಯುಂಗ್‌ಫ್ರಾಯೋಕ್ ಅಂತ ಓಡ್ತಾರೆ. ಅದು 3454 ಮೀಟರ್ ಎತ್ತರ, ಬಿಪಿ ಇದ್ದವರು ಡಾಕ್ಟರನ್ನು ಕೇಳಿಯೇ ಹೋಗಬೇಕು. ಇಂಟರ್‌ಲಾಕನ್ನಿಂದ ಪೂರ್ತಿ ಟಿಕೆಟ್ ತಲೆಗೆ 200 ಫ್ರಾಂಕಿನ ಮೇಲೆ, ಸ್ವಿಸ್ ಟ್ರಾವೆಲ್ ಪಾಸ್ (ಅಲ್ಲಿನ ರೈಲು, ಬಸ್ಸು, ದೋಣಿಗೆಲ್ಲ ಸೇರಿ ಒಂದೇ ಟಿಕೆಟ್) ಇದ್ದರೂ ರಿಯಾಯಿತಿ 25 ಶೇಕಡಾ ಮಾತ್ರ. ಮೋಡ ಕವಿದರೆ ಅಷ್ಟು ದುಡ್ಡಿಗೆ ಒಂದು ಬಿಳಿ ಗೋಡೆ ನೋಡಿ ಬರಬೇಕು.

ಬದಲಿಗೆ ರಿಗಿ ಬೆಟ್ಟ. ಲುಸರ್ನ್‌ನಲ್ಲಿ ದೋಣಿ ಹತ್ತಿ, ಸುಮಾರು ಒಂದು ಗಂಟೆ ಸರೋವರದಲ್ಲಿ ಹೋಗಿ ವಿಟ್ಸ್‌ನೌದಲ್ಲಿ ಇಳಿಯಿರಿ. ಎದುರಿಗೇ ಹಲ್ಲುಚಕ್ರದ ರೈಲು ನಿಂತಿರುತ್ತದೆ. 1871ರದು, ಯೂರೋಪಿನ ಮೊದಲ ಬೆಟ್ಟದ ರೈಲು ಅದೇ. ಮೇಲೆ 1798 ಮೀಟರ್, ಉಸಿರಾಟಕ್ಕೆ ತೊಂದರೆ ಇಲ್ಲ. ದೋಣಿ, ರೈಲು ಎರಡೂ ಪಾಸಿನಲ್ಲೇ ಬರುತ್ತದೆ. ಅಮ್ಮ ಒಂದು ಮೆಟ್ಟಿಲೂ ಲೆಕ್ಕ ಹಾಕಬೇಕಿಲ್ಲ.

ಬಯಲುಸೀಮೆ
ಆದರೆ ಹಿಮ? ಹಿಮ ಮುಟ್ಟದೇ ಊರಿಗೆ ಹೋದರೆ ಅಕ್ಕಪಕ್ಕದವರಿಗೆ ಏನು ಹೇಳ್ತಾರೆ? ವಾಟ್ಸಾಪ್ ಡಿಪಿ ಏನು ಹಾಕ್ತಾರೆ? ಇದೂ ಒಂದು ಅಗತ್ಯ ಕಣ್ರೀ, ನಗಬೇಡಿ.

ಬಾಸೆಲ್ ಬ್ಯಾಚುಲರ್
ಒಪ್ಪಿದೆ. ಹಾಗಾದರೆ ಟಿಟ್ಲಿಸ್ ಬೆಟ್ಟ. ಪಾಸಿಗೆ ಅರ್ಧ ದರ. ಸುತ್ತುತ್ತಾ ಮೇಲೇರುವ ಕೇಬಲ್ ಕಾರ್ ತೊಟ್ಟಿಲು ಇದೆ, ನಿಂತಲ್ಲೇ ನಾಲ್ಕೂ ದಿಕ್ಕು ಕಾಣುತ್ತದೆ. ಅದೂ 3000 ಮೀಟರ್ ದಾಟುತ್ತದೆ, ಅರ್ಧ ಗಂಟೆ ಇದ್ದು ಇಳಿದುಬಿಡಿ.

ಮಲೆನಾಡಿಗ
ಯಾರಾದರೂ ರೈನ್ ಜಲಪಾತಕ್ಕೆ ಕರೆದುಕೊಂಡು ಹೋಗುವ ಮುಂಚೆ ಒಂದು ಮಾತು. ನಮ್ಮ ದೊಡ್ಡಪ್ಪ ಸಾಗರದವರು. "ಯೂರೋಪಿನ ದೊಡ್ಡ ಜಲಪಾತ" ಅಂತ ಹೇಳಿ ಕರೆದುಕೊಂಡು ಹೋದೆ. 23 ಮೀಟರ್ ಎತ್ತರ. ಅವರು ಐದು ನಿಮಿಷ ನೋಡಿದರು. ಆಮೇಲೆ "ಜಲಪಾತ ಇನ್ನೂ ಮುಂದಿದೆಯಾ?" ಅಂತ ಕೇಳಿದರು. ಜೋಗ 253 ಮೀಟರ್ ಸ್ವಾಮಿ!

ಬಾಸೆಲ್ ಬ್ಯಾಚುಲರ್
ರೈನ್ 150 ಮೀಟರ್ ಅಗಲ. ಬೇಸಿಗೆಯಲ್ಲಿ ಹಿಮ ಕರಗಿ ಇನ್ನೂ ಜೋರು. ನಿಮ್ಮ ಜೋಗ ಏಪ್ರಿಲಿನಲ್ಲಿ ಹೇಗಿರುತ್ತೆ ಹೇಳಿ?

ಮಲೆನಾಡಿಗ
ಅದು ಲಿಂಗನಮಕ್ಕಿ ಅಣೆಕಟ್ಟಿನಿಂದ. ಜೋಗದ ತಪ್ಪಲ್ಲ. ಜುಲೈಯಲ್ಲಿ ಬನ್ನಿ, ಆಮೇಲೆ ಮಾತಾಡೋಣ.

ರಾಗಿಮುದ್ದೆ
ಜುಲೈಯಲ್ಲಿ ಮಂಜು, ಏನೂ ಕಾಣಲ್ಲ 😂

ಮಲೆನಾಡಿಗ
ಶಬ್ದ ಕೇಳುತ್ತಲ್ಲ!

ಹಾಸನದ ಹುಡುಗಿ
ಜಲಪಾತ ಬಿಡಿ ಸ್ವಾಮಿ 😄 ಊಟದ ಕಥೆ ಹೇಳಿ. ಇಬ್ಬರೂ ಸಸ್ಯಾಹಾರಿಗಳು. ಅಮ್ಮ ಈಗಾಗಲೇ ಕರಿಬೇವು, ತುಪ್ಪ, ಮಾವಿನಹಣ್ಣು ಕಟ್ಟುತ್ತಿದ್ದಾರೆ.

ನೆಕರ್ ನದಿ ನಂಟ
ಈಗಲೇ ಫೋನ್ ಮಾಡಿ ತಡೆಯಿರಿ. ಹಾಲಿನ ಪದಾರ್ಥ, ಮಾಂಸ ಹೊರಗಿನಿಂದ ತರುವಂತಿಲ್ಲ, ತುಪ್ಪವೂ ಅದರಲ್ಲೇ ಬಂತು. ಹಸಿ ಕರಿಬೇವು, ಮಾವು ಎರಡಕ್ಕೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಪತ್ರ ಇಲ್ಲದೇ ಬಿಡುವುದು ಐದೇ ಹಣ್ಣು: ಬಾಳೆ, ತೆಂಗಿನಕಾಯಿ, ಖರ್ಜೂರ, ಅನಾನಸ್, ಡುರಿಯನ್.

ಕುಂದಾಪ್ರದವ
ತೆಂಗಿನಕಾಯಿ ಬಿಡ್ತಾರಾ?! ಇಷ್ಟು ವರ್ಷ ನಾನು ಇಲ್ಲಿನ ಒಣಗಿದ ತುರಿ ಹಾಕಿ ಗಸಿ ಮಾಡ್ತಿದ್ದೆ. ಹೆಂಡತಿಗೆ ಹೇಳೋದು ಹೇಗೆ ಈಗ.

ಮೈಸೂರ್ ಮಲ್ಲಿಗೆ ಪ್ರಿಯೆ
ಎಲ್ಲರೂ ತರ್ತಾರೆ ಕರಿಬೇವು. ಯಾರು ಹಿಡೀತಾರೆ?

ನೆಕರ್ ನದಿ ನಂಟ
ನಮ್ಮಮ್ಮನನ್ನು ಹಿಡಿದರು. ದಂಡ ಹಾಕಲಿಲ್ಲ. ಆದರೆ ಬ್ಯಾಗ್ ಪೂರ್ತಿ ಬಿಚ್ಚಿ, ಸೀರೆ ಮಡಿಕೆಯಿಂದ ಒಂದೊಂದೇ ಎಲೆ ಹೆಕ್ಕಿ ಕಸದ ಬುಟ್ಟಿಗೆ ಹಾಕಿದಾಗ ಅಮ್ಮನ ಮುಖ ನೋಡೋಕೆ ಆಗಲಿಲ್ಲ. ಮನೆ ಹಿತ್ತಲಿನ ಗಿಡದ್ದು. ಸುಮ್ನೆ ಯಾಕೆ ಬೇಕು? ಒಣಗಿಸಿ ಚಟ್ನಿಪುಡಿಗೆ ಹಾಕಿ ತನ್ನಿ.

ತುಂಗಾತೀರ (ಮ್ಯೂನಿಕ್)
ಊಟಕ್ಕೆ ನನ್ನ ಸೂತ್ರ: ಹೋಟೆಲ್ ರೂಮ್ ಬೇಡ, ಅಡುಗೆಮನೆ ಇರುವ ಬಾಡಿಗೆ ಮನೆ. ಮಧ್ಯಾಹ್ನ ಹೊರಗೆ ಏನಾದರೂ, ರಾತ್ರಿ ಅನ್ನ, ಸಾರು. ಗೊಜ್ಜವಲಕ್ಕಿ ಪುಡಿ ಎರಡು ಡಬ್ಬ. ಪ್ಯಾರಿಸ್ಸಿನಲ್ಲಾದರೆ ಲಾ ಶಾಪೆಲ್ ಕಡೆ ಹೋಗಿ, ಶ್ರೀಲಂಕಾ ತಮಿಳರ ಅಂಗಡಿಗಳ ಸಾಲೇ ಇದೆ, ಇಡ್ಲಿ ದೋಸೆ ಸಿಗುತ್ತದೆ. ಹತ್ತಿರದಲ್ಲೇ ಗಣೇಶನ ಗುಡಿಯೂ ಇದೆ. ಐಫೆಲ್ ಟವರಿಗಿಂತ ಅಮ್ಮನಿಗೆ ಅಲ್ಲೇ ಹೆಚ್ಚು ಖುಷಿಯಾಯಿತು. ಮಂಗಳಾರತಿ ತಗೊಂಡು ಅರ್ಧ ಗಂಟೆ ಕೂತರು, ಏಳಲೇ ಇಲ್ಲ.

ಪ್ಯಾರಿಸ್ ಮೆಟ್ರೋದಲ್ಲಿ ಹೆಚ್ಚಿನ ಸ್ಟೇಷನ್ನುಗಳಿಗೆ ಲಿಫ್ಟ್ ಇಲ್ಲ. ಬಸ್ ಹಿಡಿಯಿರಿ. ನಿಧಾನ, ಆದರೆ ಕಿಟಕಿಯಲ್ಲೇ ಊರು ಕಾಣುತ್ತದೆ. ಸ್ಟುಟ್‌ಗಾರ್ಟಿನಿಂದ ನೇರ ರೈಲಿದೆ, ಮೂರೂಕಾಲು ಗಂಟೆ ಸಾಕು, 5:40ಕ್ಕೆ ಏಳುವ ಅಗತ್ಯವೇ ಇಲ್ಲ.

ಬಯಲುಸೀಮೆ
ಜರ್ಮನಿಯೊಳಗೆ ಸುತ್ತೋಕೆ ಡಾಯ್ಚ್‌ಲಾಂಡ್ ಟಿಕೆಟ್ ಮಾಡಿಸಿಕೊಡಿ. 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ಸಾಲ್ಸ್‌ಬರ್ಗ್ ಸ್ಟೇಷನ್‌ವರೆಗೂ ನಡೆಯುತ್ತೆ. ಚಂದಾ ಲೆಕ್ಕದ್ದು, ಆ ತಿಂಗಳು 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳೂ ದುಡ್ಡು ಹೋಗುತ್ತೆ. ಐಸಿಇ ಅನ್ನುವ ವೇಗದ ರೈಲಿಗೆ ನಡೆಯಲ್ಲ! ಮಾವನವರು ಒಬ್ಬರೇ ಧೈರ್ಯ ಮಾಡಿ ಬಿಳಿ ರೈಲು ಚೆನ್ನಾಗಿದೆ ಅಂತ ಹತ್ತಿ, 60 ಯೂರೋ ದಂಡ ಕಟ್ಟಿ ಬಂದರು. "ರೈಲು ಮಾತ್ರ ಫಸ್ಟ್ ಕ್ಲಾಸ್" ಅಂತ ಈಗಲೂ ಹೊಗಳ್ತಾರೆ.

ಕಡಲತೀರದ ಕೋಗಿಲೆ (ಮಂಗಳೂರು)
ನಾನು ಊರಲ್ಲೇ ಇರುವವಳು, ಸುಮ್ನೆ ಓದುತ್ತಿದ್ದೆ. ಅಪ್ಪ ಕನ್ನಡ ಮೇಷ್ಟ್ರು ಅಂದಿರಿ, ಇರುವುದು ಸ್ಟುಟ್‌ಗಾರ್ಟ್ ಅಂದಿರಿ. ಟ್ಯೂಬಿಂಗನ್ನಿಗೆ ಕರೆದುಕೊಂಡು ಹೋಗೋಕೆ ಯಾರೂ ಹೇಳಲಿಲ್ಲವಲ್ಲ! ಕನ್ನಡ ನಿಘಂಟು ಮಾಡಿದ ಕಿಟ್ಟೆಲ್ ತೀರಿಕೊಂಡ ಊರು ಅದು, 1903ರಲ್ಲಿ. ನಿಘಂಟು ಅಚ್ಚಾದದ್ದು 1894ರಲ್ಲಿ, ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಸುಮಾರು 70,000 ಪದ.

ಬಾಸೆಲ್ ಬ್ಯಾಚುಲರ್
ವಾಹ್. ನಾನು ದಿನಾ ಆ ಮಿಷನ್ ಕಟ್ಟಡದ ಮುಂದೆಯೇ ಟ್ರಾಮಿನಲ್ಲಿ ಹೋಗ್ತೀನಿ, ತಲೆಗೆ ಹೊಳೆದಿರಲಿಲ್ಲ. ಈಗ ಮಿಷನ್ 21 ಅಂತ ಹೆಸರು. ಅವರ ಹಳೇ ಫೋಟೊ ಸಂಗ್ರಹ ಆನ್‌ಲೈನಿನಲ್ಲೂ ಇದೆ, ಧಾರವಾಡ, ಮಂಗಳೂರಿನ ಚಿತ್ರಗಳು ಸಿಗುತ್ತವೆ.

ಕಡಲತೀರದ ಕೋಗಿಲೆ (ಮಂಗಳೂರು)
ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ', 1843. ಅದನ್ನು ನಡೆಸಿದ ಮೋಗ್ಲಿಂಗ್ ತೀರಿಕೊಂಡದ್ದು ಎಸ್ಲಿಂಗನ್ನಿನಲ್ಲಿ, 1881ರಲ್ಲಿ. ಅದಂತೂ ನಿಮ್ಮ ಪಕ್ಕದ ಊರು.

ಹಾಸನದ ಹುಡುಗಿ
ನಾನು ಎಸ್ಲಿಂಗನ್ನಿಗೆ ವಾರಕ್ಕೊಮ್ಮೆ ತರಕಾರಿಗೆ ಹೋಗ್ತೀನಿ 😳 ಆರು ವರ್ಷದಿಂದ.

ರಾಗಿಮುದ್ದೆ
ಎಕ್ಸೆಲ್ ಶೀಟಿಗೆ ಹೊಸ ಸಾಲು.

*(ಕೆಲವು ತಿಂಗಳ ನಂತರ)*

ಹಾಸನದ ಹುಡುಗಿ
ಕೇಳಿದವರಿಗೆಲ್ಲ ವರದಿ ಕೊಡಬೇಕಲ್ಲ. ನಿನ್ನೆ ಇಬ್ಬರೂ ಊರು ಸೇರಿದರು.

ಕೊನೆಗೆ ಪ್ಯಾರಿಸ್ ನಾಲ್ಕು ದಿನ, ಲುಸರ್ನ್ ಮೂರು ದಿನ, ಅಷ್ಟೇ. ಮಿಕ್ಕಿದ್ದು ಮನೆಯಿಂದಲೇ ಹೋಗಿ ಬಂದದ್ದು. ರಿಗಿ ಮೇಲೆ ಅಮ್ಮ ಹಸುವಿನ ಕೊರಳಿನ ಗಂಟೆ ಕೇಳಿಕೊಂಡು ಬೆಂಚಿನ ಮೇಲೆ ಎರಡು ಗಂಟೆ ಕೂತರು. "ಎಷ್ಟು ಲೀಟರ್ ಕೊಡುತ್ತೋ" ಅಂತ ಒಂದೇ ಚಿಂತೆ. ಯಜಮಾನರು ಇನ್ನೊಂದು ಬೆಟ್ಟಕ್ಕೆ ಹೊರಡೋಣ ಅಂತ ಎರಡು ಸಲ ಗಡಿಯಾರ ನೋಡಿದರು. ನಾನು ಕಣ್ಣು ಬಿಟ್ಟೆ. ಕೂತರು.

ಪ್ಯಾರಿಸ್ಸಿನಿಂದ ಬರುವಾಗ ರೈಲು ಎರಡು ಗಂಟೆ ಮೇಲೆ ತಡವಾಯಿತು. ಅರ್ಜಿ ಹಾಕಿದ್ದಕ್ಕೆ ಟಿಕೆಟಿನ ಅರ್ಧ ದುಡ್ಡು ವಾಪಸ್ ಬಂತು. ತಡ ಮಾಡಿದ್ದಕ್ಕೆ ದುಡ್ಡು ಕೊಡ್ತಾರೆ ಅನ್ನೋದನ್ನು ಅಪ್ಪ ಇನ್ನೂ ನಂಬಿಲ್ಲ.

ಟ್ಯೂಬಿಂಗನ್ನಿಗೆ ಒಂದು ಮಂಗಳವಾರ ಹೋದೆವು. ಅಪ್ಪ ಅವತ್ತು ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡರು, ಶಾಲೆಗೆ ಹೋಗುತ್ತಿದ್ದಾಗಿನ ಹಾಗೆ. ನೆಕರ್ ಸೇತುವೆ ಮೇಲೆ ನಿಂತು ಕೆಳಗೆ ಉದ್ದ ಕೋಲು ಹಾಕಿ ದೋಣಿ ನಡೆಸುವ ಹುಡುಗರನ್ನು ನೋಡುತ್ತಿದ್ದರು. "ಈ ಥಂಡಿ ದೇಶದಿಂದ ಬಂದು ಧಾರವಾಡದ ಬಿಸಿಲಲ್ಲಿ ಒಂದೊಂದೇ ಪದ ಬರಕೊಂಡನಲ್ಲಮ್ಮ" ಅಂದರು. ಆಮೇಲೆ ದಾರಿಯಲ್ಲಿ ಸಿಕ್ಕ ಒಬ್ಬ ಮುದುಕರನ್ನು ನಿಲ್ಲಿಸಿ "ಕಿಟ್ಟೆಲ್, ಕಿಟ್ಟೆಲ್" ಅಂತ ಕೇಳಿದರು. ಅವರು ಬಹಳ ಯೋಚಿಸಿ ಬಟ್ಟೆ ಅಂಗಡಿಯೊಂದರ ಕಡೆ ಕೈ ತೋರಿಸಿದರು. ಕಿಟ್ಟೆಲ್ ಅಂದರೆ ಜರ್ಮನ್ನಿನಲ್ಲಿ ಒಂಥರಾ ಮೇಲಂಗಿ!

ಕಡಲತೀರದ ಕೋಗಿಲೆ (ಮಂಗಳೂರು)
😂😂 ಇದನ್ನು ನಾಳೆ ನಮ್ಮ ಕಾಲೇಜಿನಲ್ಲಿ ಹೇಳ್ತೀನಿ.

ಅರಸೀಕೆರೆ ಅಜ್ಜಿ
ಅಮ್ಮ ನೀರು ಕುಡಿದರಾ?

ಹಾಸನದ ಹುಡುಗಿ
ಕುಡಿದರು ಅಜ್ಜಿ. ಚಿಲ್ಲರೆ ಪರ್ಸ್ ಊರಿಗೂ ತಗೊಂಡು ಹೋಗಿದ್ದಾರೆ. ಕುಕ್ಕರ್ ಮಾತ್ರ ಇಲ್ಲೇ ಬಿಟ್ಟು ಹೋದರು. ಅದರ ಸೀಟಿಗೆ ಕೆಳಗಿನ ಮನೆಯವರು ಎರಡು ಸಲ ಬಂದು ಬಾಗಿಲು ತಟ್ಟಿದ್ದಾರೆ.

ಕುಂದಾಪ್ರದವ
ಕುಕ್ಕರ್ ಜೊತೆ ಗ್ಯಾಸ್ಕೆಟ್ ಹೆಚ್ಚಿಗೆ ತಂದಿದ್ರಾ? ನಮ್ಮದು ಹರಿದುಹೋಗಿದೆ. ಎಷ್ಟು ಲೀಟರಿಂದು?

ಹಾಸನದ ಹುಡುಗಿ
5 ಲೀಟರ್. ಎರಡಿವೆ. ವಿಳಾಸ ಮೆಸೇಜ್ ಮಾಡಿ.